ಕೆಂಪು ದಾರದ ಮೂರು ಡಬ್ಬಿಗಳು

ಭಾನುವಾರ ಬೆಳಿಗ್ಗೆ ನಾನು ಅಡುಗೆಮನೆಯ ನೆಲದ ಮೇಲೆ ನಲವತ್ತೊಂದು ಡಬ್ಬಿಗಳನ್ನೂ ಮೂವತ್ತಾರು ಮುಚ್ಚಳಗಳನ್ನೂ ಹರಡಿಕೊಂಡು ಕೂತಿದ್ದೆ. ಎರಡು ಸಲ ಎಣಿಸಿದ್ದೆ. ಹದಿನಾಲ್ಕು ಡಬ್ಬಿಗಳಿಗೆ ಮುಚ್ಚಳವೇ ಇರಲಿಲ್ಲ. ಮುಚ್ಚಳಗಳಲ್ಲಿ ಒಂಬತ್ತು ಯಾವ ಡಬ್ಬಿಗೂ ಹೊಂದಲಿಲ್ಲ. ಅವೆಲ್ಲ ಎಲ್ಲಿಂದ ಬಂದು ನಮ್ಮ ಮನೆ ಸೇರಿಕೊಂಡವೋ ಯಾರಿಗೂ ಗೊತ್ತಿಲ್ಲ.

ನಾನು ಕೆಲಸ ಮಾಡುವುದು ಕುಡಿಯುವ ನೀರನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ. ಅಲ್ಲಿ ಪ್ರತಿ ಬಾಟಲಿಗೂ ಒಂದು ಜಾಗ, ಒಂದು ಚೀಟಿ, ಚೀಟಿಯ ಮೇಲೆ ದಿನಾಂಕ. ಮನೆಗೆ ಬಂದು ಅಡುಗೆಮನೆಯ ಕಪಾಟು ತೆಗೆದರೆ ತಲೆಯ ಮೇಲೆ ಮುಚ್ಚಳ ಬೀಳುತ್ತಿತ್ತು. ಮದುವೆಯಾಗಿ ಒಂಬತ್ತು ವರ್ಷ ಇದನ್ನು ಸಹಿಸಿದ್ದೆ. ಶನಿವಾರ ಮಾವ ತಮ್ಮ ತಂಗಿಯ ಕಣ್ಣಿನ ಆಪರೇಷನ್ ಅಂತ ಅವರ ಮನೆಗೆ ಹೋದರು, ನಾಲ್ಕು ದಿನ ಬರುವುದಿಲ್ಲ ಅಂದರು. ಅಡುಗೆಮನೆಯಲ್ಲಿ ಒಂದು ಚಮಚ ಆಚೀಚೆ ಮಾಡಿದರೂ ಬಂದು ನಿಂತು ನೋಡುವ ಮನುಷ್ಯ ಅವರು. ಇದಕ್ಕಿಂತ ಒಳ್ಳೆಯ ದಿನ ಸಿಗುವುದಿಲ್ಲ ಅನ್ನಿಸಿತು.

ಮಾವ ನಲವತ್ತು ವರ್ಷ ಟೈಲರ್ ಆಗಿದ್ದವರು. ಅಂಗಡಿ ಮುಚ್ಚಿದರೂ ದಾರ ಬಿಡಲಿಲ್ಲ. ಮನೆಯಲ್ಲಿ ಅವರು ದಾರ ಕಟ್ಟದ ವಸ್ತು ಇರಲಿಲ್ಲ. ಬೀಗದ ಕೈಗೆ ಹಸಿರು, ಛತ್ರಿಯ ಹಿಡಿಗೆ ಹಳದಿ, ಕನ್ನಡಕದ ಕಾಲಿಗೆ ಕಪ್ಪು. ಮಗಳು ಚಿಣ್ಣಿಯ ಊಟದ ಡಬ್ಬಿಗಳ ಕೊರಳಿಗೆ ನೀಲಿ. ಬೇರೆ ಕೆಲವಕ್ಕೆ ಕೆಂಪು. ಹೊಲಿದ ಬಟ್ಟೆ ಗಿರಾಕಿಯ ಕೈ ಸೇರುವವರೆಗೆ ಗುರುತಿನ ದಾರ ಬಿಚ್ಚಬಾರದು ಅನ್ನುವುದು ಅವರ ಅಂಗಡಿಯ ನಿಯಮವಾಗಿತ್ತಂತೆ. ಬಸ್ ಡ್ರೈವರ್ ಆಗಿರುವ ನನ್ನ ಗಂಡ ಒಮ್ಮೆ, ಅಪ್ಪ, ಇನ್ನು ನನ್ನ ಕೊರಳಿಗೂ ಒಂದು ಕಟ್ಟಿಬಿಡಿ, ಬಸ್ಸಿನ ಡಿಪೋದಲ್ಲಿ ಕಳೆದುಹೋದರೆ ಮನೆಗೆ ತಂದುಬಿಡುತ್ತಾರೆ ಅಂದಿದ್ದರು.

ಡಬ್ಬಿಗಳ ಮೇಲಿನ ದಾರಗಳು ಎಣ್ಣೆ ಹಿಡಿದು ಕಪ್ಪಾಗಿದ್ದವು. ಅಂಥ ಜಾಗದಲ್ಲಿ ಏನೇನು ಬೆಳೆಯುತ್ತದೆ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿದವಳು ನಾನು. ಕತ್ತರಿ ತಗೊಂಡು ಒಂದೊಂದನ್ನೂ ಕತ್ತರಿಸಿದೆ. ಒಂದೇ ಅಳತೆಯ ಆರು ದುಂಡು ಡಬ್ಬಿಗಳಿದ್ದವು, ಮುಚ್ಚಳದೊಳಗೆ ರಬ್ಬರ್ ಉಂಗುರ ಇರುವಂಥವು. ಅವುಗಳಲ್ಲಿ ಮೂರರಲ್ಲಿ ಮಾವನ ಹಳೆಯ ಗುಂಡಿ, ಹುಕ್ಕು, ಸೂಜಿ ತುಂಬಿದ್ದವು. ಅಡುಗೆಮನೆಯಲ್ಲಿ ಗುಂಡಿಗೇನು ಕೆಲಸ? ಅವನ್ನೆಲ್ಲ ಬಿಸ್ಕತ್ತಿನ ತಗಡಿನ ಡಬ್ಬಕ್ಕೆ ಸುರಿದೆ. ಆರೂ ಡಬ್ಬಿಗಳನ್ನು ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಸಾಲಾಗಿ ಇಟ್ಟೆ. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಚಿಣ್ಣಿ, ಅಮ್ಮ ದಾರ, ಅಂದಳು. ಕಸ ಅದು ಪುಟ್ಟಿ, ಕಸದ ಬುಟ್ಟಿಗೆ ಹಾಕು ಅಂದೆ. ಅವಳು ಎರಡೂ ಕೈಯಲ್ಲಿ ಬಾಚಿ ಹಾಕಿದಳು.

ಸಂಜೆ ಕಪಾಟಿನ ಬಾಗಿಲು ತೆಗೆದು, ಮುಚ್ಚಿ, ಮತ್ತೆ ತೆಗೆದು ನೋಡಿದೆ. ಏನೂ ಬೀಳಲಿಲ್ಲ. ಅಷ್ಟು ಖುಷಿ ನನಗೆ ಸಂಬಳ ಹೆಚ್ಚಾದಾಗಲೂ ಆಗಿರಲಿಲ್ಲ.

ಬುಧವಾರ ಮಾವ ವಾಪಸು ಬಂದಾಗ ಹನ್ನೊಂದೂವರೆ. ಆ ವಾರ ನನಗೆ ಮಧ್ಯಾಹ್ನದ ಪಾಳಿ, ಮನೆಯಲ್ಲೇ ಇದ್ದೆ. ಅವರು ಚೀಲ ಇಟ್ಟು, ತಂಗಿಗೆ ಕಣ್ಣು ಕಾಣತೊಡಗಿದೆ, ಕಂಡ ಕೂಡಲೇ ನೀನು ಇಷ್ಟು ಮುದುಕ ಆಗಿದ್ದೀಯಾ ಅಂದಳು ಎಂದು ನಗುತ್ತಾ ನೀರು ಕುಡಿಯಲು ಅಡುಗೆಮನೆಗೆ ಹೋದರು. ಕಪಾಟು ತೆಗೆದ ಸದ್ದು ಕೇಳಿಸಿತು.

"ಇದೇನಮ್ಮ, ಅಡುಗೆಮನೆಯೋ ಔಷಧಿ ಅಂಗಡಿಯೋ?" ಅಂದರು.

ಹೊಗಳಿಕೆ ಅಂದುಕೊಂಡು ನಾನೂ ಹೋದೆ. ಅವರು ದುಂಡು ಡಬ್ಬಿಯೊಂದನ್ನು ಕೈಯಲ್ಲಿ ಹಿಡಿದು, ಅದರ ಕೊರಳ ಸುತ್ತ ಹೆಬ್ಬೆರಳು ಆಡಿಸುತ್ತಿದ್ದರು, ಕಾಲರಿನ ಹೊಲಿಗೆ ನೋಡುವ ಹಾಗೆ. ಒಂದು ಸುತ್ತು ಬಂದು ಬೆರಳು ನಿಂತಿತು. ಇನ್ನೊಂದು ಡಬ್ಬಿ ತಗೊಂಡರು. ಅದನ್ನೂ ಸವರಿ ನೋಡಿದರು.

"ದಾರ ಎಲ್ಲಮ್ಮ?"

ತೆಗೆದುಬಿಟ್ಟೆ ಮಾವ, ಕೊಳೆಯಾಗಿದ್ದವು ಅಂದೆ. ಗುಂಡಿಗಳು ಎಲ್ಲಿ ಅಂತ ಕೇಳಿದರು. ತಗಡಿನ ಡಬ್ಬದಲ್ಲಿ ಒಂದೂ ಕಳೆದುಹೋಗದ ಹಾಗೆ ಇವೆ ಅಂದೆ. ಅವರು ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

"ಆ ಮೂರು ಡಬ್ಬಿಗೆ ತಿನ್ನೋದೇನೂ ಹಾಕಿಲ್ಲ ತಾನೆ?"

ಅವರ ದನಿ ತಗ್ಗಿತ್ತು. ಯಾಕೆ ಮಾವ ಅಂದೆ. ಅವರು ಡಬ್ಬಿಯನ್ನು ಕಟ್ಟೆಯ ಮೇಲೆ ಇಟ್ಟರು. ಅದು ಕೈಯಿಂದ ಜಾರುತ್ತದೇನೋ ಎಂಬಂತೆ ಎರಡೂ ಕೈ ಹಿಡಿದು ಇಟ್ಟರು.

"ಅದರಲ್ಲಿ ಕಡಲೆಬೀಜ ಇರ್ತಿತ್ತಲ್ಲಮ್ಮ, ಆಗ. ನಾನು ಎಸೀಲಿಲ್ಲ."

ಚಿಣ್ಣಿಗೆ ಈಗ ಆರು ವರ್ಷ. ಅವಳಿಗೆ ನಾಲ್ಕಿದ್ದಾಗ ಮಾವನ ತಟ್ಟೆಯಿಂದ ಹುರಿದ ಕಡಲೆಬೀಜ ಎರಡೇ ಎರಡು ಬಾಯಿಗೆ ಹಾಕಿಕೊಂಡಿದ್ದಳು. ಹತ್ತು ನಿಮಿಷದಲ್ಲಿ ತುಟಿ ಊದಿ, ಕಣ್ಣು ಮುಚ್ಚಿಹೋಗಿ, ಉಸಿರು ಎಳೆದಾಗ ಸೀಟಿಯಂಥ ಸದ್ದು ಬರತೊಡಗಿತು. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟ ಡಾಕ್ಟರು, ಇನ್ನು ಕಾಲು ಗಂಟೆ ತಡವಾಗಿದ್ದರೆ ಅಂತ ಹೇಳಿ ಮಾತು ನಿಲ್ಲಿಸಿದ್ದರು. ಪುಡಿ ಸೋಕಿದ್ದೂ ಬೇಡ, ಮುಂದಿನ ಸಲ ಇದಕ್ಕಿಂತ ಜೋರಾಗಬಹುದು ಅಂದಿದ್ದರು. ಅವತ್ತೇ ಮನೆಯಲ್ಲಿದ್ದ ಕಡಲೆಕಾಯಿಯನ್ನೆಲ್ಲ ಹೊರಗೆ ಹಾಕಿಸಿದೆ. ಅದನ್ನು ಹಾಕಿಟ್ಟಿದ್ದ ಡಬ್ಬಿಗಳನ್ನೂ ಎಸೆದುಬಿಡಿ ಅಂದಿದ್ದೆ. ಎಸೆದೆ ಅಂದಿದ್ದರು ಮಾವ. ಎರಡು ಬೆರಳಗಲದ ಬಟ್ಟೆಯ ಚೂರನ್ನೂ ಎಸೆಯದ ಮನುಷ್ಯ ಎಸೆದೆ ಅಂದಾಗ ನಾನು ನಂಬಿದ್ದೆ.

ಆ ಬುಧವಾರ ಬೆಳಿಗ್ಗೆ ನಾನು ಚಿಣ್ಣಿಯ ಊಟ ಹಾಕಿ ಕಳಿಸಿದ್ದು ಆ ಆರರಲ್ಲಿ ಒಂದಕ್ಕೆ. ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ. ಆರರಲ್ಲಿ ಯಾವುದು?

ಉಳಿದ ಐದನ್ನೂ ಕೆಳಗಿಳಿಸಿದೆ. ಒಂದರಲ್ಲಿ ಸಕ್ಕರೆ, ಒಂದರಲ್ಲಿ ಉಪ್ಪು, ಮೂರು ಖಾಲಿ. ಡಬ್ಬಿಗಳನ್ನು ತೊಳೆದಿದ್ದೆ, ಚೆನ್ನಾಗಿಯೇ ತೊಳೆದಿದ್ದೆ. ಆದರೆ ಮುಚ್ಚಳದ ರಬ್ಬರ್ ಉಂಗುರಗಳನ್ನು ಬಿಡಿಸಿ ತೊಳೆದಿರಲಿಲ್ಲ. ತಲೆಯ ಪಿನ್ನು ತೆಗೆದು ಮೊದಲನೆಯ ಉಂಗುರವನ್ನು ಮೀಟಿದೆ. ಅದು ಕೂರುವ ಸಂದು ಸ್ವಚ್ಛವಾಗಿತ್ತು. ಎರಡನೆಯದೂ ಹಾಗೆಯೇ. ಮೂರನೆಯದರ ಸಂದಿನಲ್ಲಿ ಕಂದು ಬಣ್ಣದ ಪುಡಿ ಜಿಡ್ಡಿನ ಜೊತೆ ಗಟ್ಟಿಯಾಗಿ ಕೂತಿತ್ತು. ನಾಲ್ಕನೆಯದು ಸ್ವಚ್ಛ. ಐದನೆಯದರಲ್ಲಿ ಪುಡಿಯ ಜೊತೆ ಒಂದು ಚೂರು ಕೆಂಪು ಸಿಪ್ಪೆ, ಬೀಜದ ಮೇಲಿರುವ ತೆಳ್ಳನೆ ಸಿಪ್ಪೆ, ಸಾಸಿವೆ ಕಾಳಿನಷ್ಟು.

ಮೂರು ಡಬ್ಬಿಗಳಿಗೆ ಕೆಂಪು ದಾರ ಇತ್ತು. ಇಲ್ಲಿ ಎರಡು ಸಿಕ್ಕವು. ಮೂರು ಸ್ವಚ್ಛ. ಇಂಥ ಲೆಕ್ಕ ನನಗೆ ದಿನಾ ಮಾಡಿ ಅಭ್ಯಾಸ. ಅವತ್ತು ಅದು ತಪ್ಪಾಗಲಿ ಅಂತ ಮೂರು ಸಲ ಮಾಡಿದೆ.

ಗಡಿಯಾರದಲ್ಲಿ ಹನ್ನೊಂದು ನಲವತ್ತೆಂಟು. ಶಾಲೆಯಲ್ಲಿ ಊಟದ ಗಂಟೆ ಹನ್ನೆರಡು ಇಪ್ಪತ್ತಕ್ಕೆ.

ಶಾಲೆಯ ಆಫೀಸಿಗೆ ಫೋನ್ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದರೆ ಬೇರೆ ಯಾರದೋ ಕರೆಯಲ್ಲಿದ್ದಾರೆ ಅಂತ ಬಂತು. ಚಿಣ್ಣಿಯ ಟೀಚರ್ ಆ ವಾರ ರಜೆಯಲ್ಲಿದ್ದರು, ಅವರ ಬದಲು ಬಂದವರು ಯಾರೆಂದೇ ನನಗೆ ಗೊತ್ತಿರಲಿಲ್ಲ. ಅವರಿಗೆ ಚಿಣ್ಣಿಯ ವಿಷಯ ಯಾರಾದರೂ ಹೇಳಿರುತ್ತಾರೆಯೇ? ನನ್ನ ಗಂಡ ಬಸ್ಸು ಓಡಿಸುತ್ತಿರುತ್ತಾರೆ, ಆ ಸೀಟಿನಲ್ಲಿ ಕೂತರೆ ಫೋನ್ ಮುಟ್ಟುವುದಿಲ್ಲ. ಡಾಕ್ಟರು ಮನೆಯಲ್ಲಿಟ್ಟುಕೊಳ್ಳಲು ಹೇಳಿದ್ದ ಇಂಜೆಕ್ಷನ್ ಇದ್ದ ಚೀಲವನ್ನು ಹೆಗಲಿಗೆ ಹಾಕಿಕೊಂಡು ರಸ್ತೆಗೆ ಓಡಿದೆ. ಟ್ಯಾಕ್ಸಿ ನಿಲ್ಲಿಸಿ ಹತ್ತುವಾಗ ಹಿಂದಿನಿಂದ ಮಾವನೂ ಬಂದು ಹತ್ತಿದರು. ಬೇಡ, ನಿಮ್ಮ ಮೊಣಕಾಲು ಅಂದೆ. ಅವರು ಬಾಗಿಲು ಎಳೆದುಕೊಂಡರು. ಅವರ ಕಾಲಿನಲ್ಲಿ ನನ್ನ ಚಪ್ಪಲಿ ಇತ್ತು.

ಸೇತುವೆಯ ಹತ್ತಿರ ಪೈಪಿಗಾಗಿ ರಸ್ತೆ ಅಗೆದಿದ್ದರು. ಒಂದು ಕಡೆಯ ವಾಹನ ಬಿಟ್ಟ ಮೇಲೆ ಇನ್ನೊಂದು ಕಡೆಯದು. ‘ನಿಲ್ಲಿ’ ಅಂತ ಬರೆದ ಹಲಗೆ ಹಿಡಿದವನೊಬ್ಬ ನಮ್ಮ ಕಡೆಯದನ್ನು ನಿಲ್ಲಿಸಿದ್ದ. ಡ್ರೈವರಿಗೆ ಒಂದೇ ಮಾತಿನಲ್ಲಿ ವಿಷಯ ಹೇಳಿದೆ. ಅವನು ತಿರುಗಿ ನನ್ನ ಮುಖ ನೋಡಿ, ಹಾರನ್ ಒತ್ತಿ ಪ್ರಯೋಜನ ಇಲ್ಲ ಅಕ್ಕ, ಅವನ ಕೈಯಲ್ಲಿರೋ ಹಲಗೆ ತಿರುಗಬೇಕು ಅಂದ. ಹಲಗೆ ಹಿಡಿದವನು ಬಾಟಲಿಯಿಂದ ನೀರು ಕುಡಿಯುತ್ತಿದ್ದ.

ಆಗ ಸೋಮವಾರ, ಮಂಗಳವಾರ ನೆನಪಾದವು. ಆ ಎರಡು ದಿನ ಯಾವ ಡಬ್ಬಿ ಕಳಿಸಿದ್ದೆ? ಸೋಮವಾರ ದುಂಡನೆಯದೇ. ಮಂಗಳವಾರವೂ. ಅವೇ ಎದುರಿಗೆ ಸಾಲಾಗಿ ಇದ್ದವು, ಕೈಗೆ ಬಂದದ್ದನ್ನು ತಗೊಂಡಿದ್ದೆ. ಎರಡು ದಿನವೂ ಡಬ್ಬಿ ಖಾಲಿಯಾಗಿ ಬಂದಿತ್ತು, ಏನೂ ಆಗಿರಲಿಲ್ಲ. ಒಂದು ಗಳಿಗೆ ಸಮಾಧಾನವಾಯಿತು. ಮರುಗಳಿಗೆ, ಮಂಗಳವಾರ ಸಂಜೆ ಅವಳು ಹೊಟ್ಟೆ ನೋವು ಅಂದದ್ದು ನೆನಪಾಯಿತು. ಹಸಿವಿರಬೇಕು ಅಂದುಕೊಂಡು ಅನ್ನ ಹಾಕಿದ್ದೆ, ಎರಡು ತಟ್ಟೆ ತಿಂದಿದ್ದಳು. ಹೊಟ್ಟೆ ನೋವಿನಿಂದಲೂ ಶುರುವಾಗಬಹುದು ಅಂತ ಡಾಕ್ಟರು ಹೇಳಿರಲಿಲ್ಲವೇ? ಹಾಗಾದರೆ ಮೊನ್ನೆ ಸ್ವಲ್ಪ, ನಿನ್ನೆ ಸ್ವಲ್ಪ, ಇವತ್ತು? ಸಣ್ಣ ಸೂಚನೆ ಕೊಟ್ಟು ದೊಡ್ಡದು ಬರುವುದನ್ನು ನಾನು ಎಷ್ಟೋ ನೀರಿನ ಮಾದರಿಗಳಲ್ಲಿ ನೋಡಿದ್ದೇನೆ. ನನ್ನ ಮಗಳು ಸೂಚನೆ ಕೊಟ್ಟಾಗ ಅನ್ನ ಬಡಿಸಿದ್ದೆ.

ಮಾವ ಕಿಟಕಿಯ ಕಡೆ ನೋಡುತ್ತಲೇ ಮಾತಾಡಿದರು.

"ನಾನು ಹೇಳಿದ್ದೆ ನಿಂಗೆ. ಕೆಂಪು ಕಟ್ಟಿರೋದು ಮುಟ್ಟಬೇಡ, ನೀಲಿ ಮಾತ್ರ ಮಗೂದು ಅಂತ. ನೀನು ಹೂಂ ಅಂದೆ."

ಯಾವಾಗ ಅಂತ ಕೇಳಲಿಲ್ಲ. ನೆನಪಿತ್ತು. ಪ್ರಯೋಗಾಲಯದಿಂದ ಫೋನ್ ಬಂದಿತ್ತು, ಯಾವುದೋ ಟ್ಯಾಂಕಿನ ಫಲಿತಾಂಶ. ಮಾವ ಬಾಗಿಲಲ್ಲಿ ನಿಂತು ಬಣ್ಣಗಳ ಬಗ್ಗೆ ಏನೋ ಹೇಳುತ್ತಿದ್ದರು. ನಾನು ಫೋನಿಗೂ ಹೂಂ, ಅವರಿಗೂ ಹೂಂ. ನಮ್ಮ ಪ್ರಯೋಗಾಲಯದಲ್ಲಿ ಹೊಸಬರಿಗೆ ನಾನೇ ಹೇಳಿಕೊಡುವ ಮೊದಲ ಪಾಠ, ಯಾರೋ ಗುರುತು ಹಾಕಿಟ್ಟ ಬಾಟಲಿಯನ್ನು ಅವರನ್ನು ಕೇಳದೆ ತೊಳೆಯಬಾರದು ಎಂಬುದು.

ಎಸೆದೆ ಅಂತ ಯಾಕೆ ಹೇಳಿದಿರಿ ಮಾವ ಅಂದೆ. ಗಟ್ಟಿ ಡಬ್ಬಿಗಳಮ್ಮ, ಗುಂಡಿ ಹಾಕೋಕೆ ಆಗ್ತಿತ್ತು ಅಂದರು. ಬೈಯಬೇಕು ಅನ್ನಿಸಿತು. ಆದರೆ ಕತ್ತರಿ ಹಿಡಿದದ್ದು ನನ್ನ ಕೈ.

ಹಲಗೆ ತಿರುಗಿತು.

ಶಾಲೆಯ ಗೇಟಿಗೆ ಬಂದಾಗ ಹನ್ನೆರಡು ಇಪ್ಪತ್ತಾರು. ಕಾವಲುಗಾರ ರಿಜಿಸ್ಟರ್ ಮುಂದೆ ಹಿಡಿದು ಹೆಸರು, ಸಮಯ, ಕಾರಣ ಬರೀರಿ ಅಂದ. ಮಾವ ಆ ಪುಸ್ತಕವನ್ನು ಅವನ ಕೈಯಿಂದ ತಗೊಂಡು, ನಾನು ಬರೀತೀನಿ, ಅವಳನ್ನ ಬಿಡಪ್ಪ ಅಂದರು. ನಾನು ಓಡಿದೆ.

ಊಟದ ಕೋಣೆಯಲ್ಲಿ ಇನ್ನೂರು ಮಕ್ಕಳು ಒಟ್ಟಿಗೆ ಮಾತಾಡುತ್ತಿದ್ದರು. ನನಗೆ ಒಬ್ಬಳ ಉಸಿರು ಕೇಳಿಸಬೇಕಿತ್ತು. ಒಂದನೇ ತರಗತಿಯ ಮೇಜು ಕಿಟಕಿಯ ಪಕ್ಕ ಅಂತ ಅವಳು ಹೇಳಿದ್ದಳು. ಅಲ್ಲಿಗೆ ಹೋದೆ. ಅವಳ ಚೀಲ ಬೆಂಚಿನ ಮೇಲಿತ್ತು. ಅವಳು ಇರಲಿಲ್ಲ. ಮೇಜಿನ ಮೇಲೆ ದುಂಡು ಡಬ್ಬಿ ತೆರೆದು ಬಿದ್ದಿತ್ತು, ಅರ್ಧ ಖಾಲಿ.

ಅವಳನ್ನು ಶಾಲೆಯ ಚಿಕಿತ್ಸಾ ಕೊಠಡಿಗೆ ಒಯ್ದಿರುತ್ತಾರೆ. ಯಾವ ಕಡೆ ಅದು? ಆಫೀಸಿನ ಬೀರುವಿನಲ್ಲಿ ನಾನೇ ತಂದುಕೊಟ್ಟ ಇಂಜೆಕ್ಷನ್ ಇದೆ, ಅದರ ಬೀಗದ ಕೈ ಯಾರ ಹತ್ತಿರ? ಪಕ್ಕದಲ್ಲಿ ಕೂತಿದ್ದ ಎರಡು ಜಡೆಯ ಹುಡುಗಿ ಆಲೂಗಡ್ಡೆ ಅಗಿಯುತ್ತಾ ನನ್ನನ್ನೇ ನೋಡುತ್ತಿದ್ದಳು. ಚಿಣ್ಣಿ ಎಲ್ಲಿ ಅಂತ ಕೇಳಿದೆ, ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಅವಳು ಬಾಯಿ ತುಂಬಾ ಇದ್ದದ್ದರಿಂದ ಮಾತಾಡದೆ ಬೆರಳು ತೋರಿಸಿದಳು.

ಊಟದ ಕೋಣೆಯ ಹಿಂದೆ ಕೈ ತೊಳೆಯುವ ಕಟ್ಟೆ. ಚಿಣ್ಣಿ ನಲ್ಲಿಗೆ ಬೊಗಸೆ ಒಡ್ಡಿ ನೀರು ಕುಡಿಯುತ್ತಿದ್ದಳು, ಒಂದು ಬೊಗಸೆ, ಇನ್ನೊಂದು ಬೊಗಸೆ, ಹೊಟ್ಟೆ ತುಂಬಿಸಿಕೊಳ್ಳುವವಳ ಹಾಗೆ. ಮುಂಗೈವರೆಗೆ ಒದ್ದೆ. ನಾನು ಮಂಡಿಯೂರಿ ಅವಳ ಮುಖವನ್ನು ಬೆಳಕಿಗೆ ತಿರುಗಿಸಿದೆ. ತುಟಿ ನೋಡಿದೆ. ಕಣ್ಣಿನ ರೆಪ್ಪೆ ನೋಡಿದೆ. ಎದೆಗೆ ಕಿವಿಯಿಟ್ಟೆ. ಸೀಟಿ ಇರಲಿಲ್ಲ. ಅಮ್ಮ, ನೀನ್ಯಾಕೆ ಬಂದೆ ಅಂದಳು.

"ತಿಂದೆಯಾ? ಡಬ್ಬಿಯದ್ದು ತಿಂದೆಯಾ?"

ಅವಳು ಸಿಕ್ಕಿಬಿದ್ದವಳ ಹಾಗೆ ಕೆಳಗೆ ನೋಡಿದಳು. ನಾನು ಅವಳ ಭುಜ ಹಿಡಿದಿದ್ದೆ, ಬಹುಶಃ ಜೋರಾಗಿಯೇ.

"ದಾರ ಇರಲಿಲ್ಲ," ಅಂದಳು. "ನೀಲಿ ದಾರ ಇಲ್ಲದಿದ್ರೆ ಮುಟ್ಟಬಾರದು ಅಂತ ತಾತ ಹೇಳಿದಾರೆ."

ಮುಚ್ಚಳವನ್ನೂ ಮುಟ್ಟಿಲ್ಲವಂತೆ. ಪಕ್ಕದ ಹುಡುಗಿಯೇ ಚೀಲದಿಂದ ತೆಗೆದು, ತೆರೆದು, ತಿಂದಳಂತೆ. ಸೋಮವಾರವೂ ಹಾಗೆಯೇ, ಮಂಗಳವಾರವೂ. ಮನೆಗೆ ಖಾಲಿ ಡಬ್ಬಿ ಒಯ್ದರೆ ಅಮ್ಮನಿಗೆ ಗೊತ್ತಾಗುವುದಿಲ್ಲ. ಮೂರು ದಿನದಿಂದ ನನ್ನ ಮಗಳು ಮಧ್ಯಾಹ್ನ ನಲ್ಲಿಯ ನೀರು ಕುಡಿದುಕೊಂಡಿದ್ದಳು.

ಒಳಗೆ ಹೋಗಿ ಆ ಮುಚ್ಚಳ ತಗೊಂಡು ಪಿನ್ನಿನಿಂದ ಉಂಗುರ ಮೀಟಿದೆ. ಕಂದು ಪುಡಿ ಇತ್ತು. ಅದರಲ್ಲಿ ಎರಡು ಚೂರು ಕೆಂಪು ಸಿಪ್ಪೆ. ಲೆಕ್ಕ ಸರಿಯಾಗಿತ್ತು. ಎರಡು ಜಡೆಯ ಹುಡುಗಿ, ಆಂಟಿ ಇನ್ನೂ ಸ್ವಲ್ಪ ಇದೆ ತಿನ್ನಲಾ ಅಂತ ಕೇಳಿದಳು. ಬೇಡ ಪುಟ್ಟಾ ಅಂದು, ಅವಳ ಕೈ ಬಾಯಿ ತೊಳೆಸಿ, ಡಬ್ಬಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಕುಂಟುತ್ತಾ ಬಂದ ಮಾವ ಬಾಗಿಲಲ್ಲಿ ಮೊಮ್ಮಗಳನ್ನು ಕಂಡು ಗೋಡೆ ಹಿಡಿದುಕೊಂಡರು. ತಾತ ಅಮ್ಮನ ಚಪ್ಪಲಿ ಹಾಕ್ಕೊಂಡಿದಾರೆ ಅಂತ ಅವಳು ನಕ್ಕಳು. ನಾವಿಬ್ಬರೂ ನಗಲಿಲ್ಲ.

ಮನೆಗೆ ಬಂದು ಅವಳಿಗೆ ಅನ್ನ ಹಾಕಿ, ತಿನ್ನುವುದನ್ನೇ ನೋಡುತ್ತಾ ಕೂತೆ. ನನಗೆ ಯಾಕೆ ಹೇಳಲಿಲ್ಲ ಅಂತ ಮೆಲ್ಲಗೆ ಕೇಳಿದೆ. ಕೇಳಬಾರದಿತ್ತೇನೋ. ಅವಳು ಅನ್ನ ಕಲಸುತ್ತಾ ಹೇಳಿದಳು.

"ನೀನು ಎಲ್ಲಾ ಚೆನ್ನಾಗಿ ಜೋಡಿಸಿದ್ದೆ. ದಾರ ಕಸ ಅಂದೆ. ಹೇಳಿದ್ರೆ ಬೈತಿದ್ದೆ."

ಕಡಲೆಬೀಜದ ಭಯ ನನಗೆ ಎರಡು ವರ್ಷದಿಂದ ಗೊತ್ತು, ಅದಕ್ಕೆ ಇಂಜೆಕ್ಷನ್ ಇದೆ. ಇದು ಬೇರೆ. ಹಸಿದುಕೊಂಡು ನೀರು ಕುಡಿಯುವುದು ನನ್ನ ಬೈಗುಳಕ್ಕಿಂತ ಸುಲಭ ಅಂತ ಆರು ವರ್ಷದ ಮಗು ಲೆಕ್ಕ ಹಾಕಿತ್ತು. ಅವತ್ತು ಪಾಳಿಗೆ ಹೋಗಲಿಲ್ಲ.

ಸಂಜೆ ಮಾವ ಆರೂ ದುಂಡು ಡಬ್ಬಿಗಳನ್ನು, ಸಕ್ಕರೆ ಉಪ್ಪು ಸಮೇತ, ಚೀಲಕ್ಕೆ ತುಂಬಿ ತಾವೇ ಹೊರಗೆ ಒಯ್ದರು. ನಾನು ಬೀದಿಯ ಕೊನೆಯ ಕಸದ ತೊಟ್ಟಿಯವರೆಗೆ ಅವರ ಹಿಂದೆಯೇ ಹೋದೆ. ನಂಬಿಕೆ ಇಲ್ವೇನಮ್ಮ ಅಂದರು. ಇಲ್ಲ ಮಾವ ಅಂದೆ. ಅವರು ತಲೆಯಾಡಿಸಿ, ಚೀಲವನ್ನು ನಾನು ನೋಡುವ ಹಾಗೆ ಎತ್ತಿ ಹಿಡಿದು ಒಳಗೆ ಹಾಕಿದರು.

ಮರುದಿನ ಹೊಸ ಡಬ್ಬಿಗಳು ಬಂದವು, ಉಂಗುರ ಇಲ್ಲದ ಸ್ಟೀಲಿನವು, ಮೂರು. ಮಾವ ನೀಲಿ ದಾರದ ಉಂಡೆ ತಂದರು. ಈ ಸಲ ಫೋನನ್ನು ಬೇರೆ ಕೋಣೆಯಲ್ಲಿಟ್ಟು ಬಂದು ಕೂತೆ. ಎಷ್ಟು ಸುತ್ತು, ಯಾವ ಗಂಟು, ಕೊಳೆಯಾದರೆ ಏನು ಮಾಡಬೇಕು, ಎಲ್ಲ ಕೇಳಿದೆ. ಕೊಳೆಯಾದರೆ ಹೊಸದು ಕಟ್ಟಿದ ಮೇಲೆಯೇ ಹಳೆಯದು ಬಿಚ್ಚಬೇಕಂತೆ. ಅದನ್ನು ಚೀಟಿಯಲ್ಲಿ ಬರೆದು, ದಿನಾಂಕ ಹಾಕಿ, ಕಪಾಟಿನ ಒಳಬಾಗಿಲಿಗೆ ಅಂಟಿಸಿದೆ. ಮೂವರೂ ಸಹಿ ಹಾಕಿದೆವು. ಚಿಣ್ಣಿಯದು ಒಂದು ಹೂವಿನ ಚಿತ್ರ.

ಈಗ ಬೆಳಿಗ್ಗೆ ಡಬ್ಬಿ ಕೊಟ್ಟಾಗ ಅವಳು ನನ್ನ ಮುಖ ನೋಡುವುದಿಲ್ಲ. ಡಬ್ಬಿಯ ಕೊರಳ ಸುತ್ತ ಹೆಬ್ಬೆರಳು ಆಡಿಸುತ್ತಾಳೆ, ಥೇಟ್ ಮಾವನ ಹಾಗೆ. ಒಂದು ಸುತ್ತು ಬರುವವರೆಗೆ ನಾನು ಉಸಿರು ಹಿಡಿದು ನಿಂತಿರುತ್ತೇನೆ. ಕಟ್ಟಿದ್ದನ್ನು ನಾನೇ ನೋಡಿರುತ್ತೇನೆ, ಆದರೂ. ಬೆರಳಿಗೆ ಗಂಟು ಸಿಕ್ಕಿದ ಮೇಲೆ, ಸರಿ ಇದೆ ಅಮ್ಮ ಅನ್ನುತ್ತಾಳೆ. ಆಮೇಲೆ ಚೀಲಕ್ಕೆ ಹಾಕಿಕೊಳ್ಳುತ್ತಾಳೆ.